ಒರೆಗಲ್ಲಿನ ಪಾಠ: ತಂತ್ರಾಂಶ ಪರೀಕ್ಷಕರನ್ನು ರೂಪಿಸಿದ ಒಂದು ಪಠ್ಯಕ್ರಮದ ಚರಿತ್ರೆ

ಗಣಕಯಂತ್ರಕ್ಕಾಗಿ ಬರೆದ ಆದೇಶಗಳ ಸಮೂಹವಾದ ತಂತ್ರಾಂಶವನ್ನು ಬಳಕೆದಾರರ ಕೈಗೊಪ್ಪಿಸುವ ಮೊದಲು ಅದು ಎಲ್ಲೆಲ್ಲಿ ಎಡವುತ್ತದೆಂದು ಹುಡುಕಿ ತೆಗೆಯುವ ಕೆಲಸಕ್ಕೆ ತಂತ್ರಾಂಶ ಪರೀಕ್ಷೆ ಎಂದು ಹೆಸರು. ಉದ್ಯಮದ ರೂಢಿಯಲ್ಲಿ ಇದೇ ಟೆಸ್ಟಿಂಗ್. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು, ಅಂದರೆ ಬೆಂಗಳೂರಿನ ಕಂಪನಿಗಳು ಫ್ರೆಷರ್ ಎಂದು ಕರೆಯುವ ತರುಣ ತರುಣಿಯರನ್ನು, ಮೊದಲು ಈ ವಿಭಾಗಕ್ಕೆ ಹಾಕಿ, ಕೈ ಪಳಗಿದ ಮೇಲೆ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ದಾಟಿಸುವ ಪದ್ಧತಿ ಅನೇಕ ಕಡೆ ಬೇರೂರಿದ್ದರಿಂದ, ಪರೀಕ್ಷೆ ಮಾಡುವುದಕ್ಕೆ ವಿಶೇಷ ವಿದ್ಯೆಯೇನೂ ಬೇಕಾಗಿಲ್ಲ, ಕೊಟ್ಟ ಪಟ್ಟಿಯನ್ನು ಓದಿಕೊಂಡು ಗುಂಡಿ ಒತ್ತಿದರೆ ಸಾಕು ಎಂಬ ಭಾವನೆಯೂ ಅದರೊಡನೆಯೇ ಬೆಳೆಯಿತು. ಈ ಭಾವನೆ ತಪ್ಪೆಂದು ವಾದಿಸಿದವರು ಹಲವರಿದ್ದಾರೆ. ಆದರೆ ಅನನುಭವಿಗೆ ಪರೀಕ್ಷೆಯನ್ನು ಕಲಿಸುವುದು ಹೇಗೆಂಬ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡು, ತನ್ನ ಬೋಧನೆ ಫಲಿಸಿತೇ ಇಲ್ಲವೇ ಎಂದು ಅಳೆದು ನೋಡಿ, ಫಲಿಸಲಿಲ್ಲವೆಂದು ಕಂಡಾಗ ಅದನ್ನು ಮುಚ್ಚಿಡದೆ ಪ್ರಕಟಿಸಿ, ಪಾಠದ ಕ್ರಮವನ್ನೇ ಬದಲಿಸಿಕೊಂಡ ಪ್ರಯತ್ನಗಳು ವಿರಳ. ಅಮೆರಿಕದ ಫ್ಲಾರಿಡಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಬೆಳೆದ ‘ಬ್ಲ್ಯಾಕ್ ಬಾಕ್ಸ್ ಸಾಫ್ಟ್‌ವೇರ್ ಟೆಸ್ಟಿಂಗ್’ ಎಂಬ ಪಠ್ಯಕ್ರಮ, ಸಂಕ್ಷೇಪವಾಗಿ ಬಿಬಿಎಸ್‌ಟಿ, ಅಂಥ ವಿರಳ ಪ್ರಯತ್ನಗಳಲ್ಲಿ ಒಂದಾಗಿದೆ.

ಪರೀಕ್ಷೆ ಹೊಸಬರ ಕೆಲಸವೆಂಬ ಎಣಿಕೆ ಮೊದಲಿನಿಂದ ಇದ್ದದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಗಣಕಯಂತ್ರಗಳ ಆರಂಭದ ವರ್ಷಗಳಲ್ಲಿ ಪ್ರೋಗ್ರಾಮ್ ಬರೆದವರೇ ಅದನ್ನು ನಡೆಸಿ ನೋಡಿ ತಪ್ಪು ತಿದ್ದುತ್ತಿದ್ದರು; ತಪ್ಪನ್ನು ತಿದ್ದುವುದು ಬೇರೆ, ತಪ್ಪಿದೆಯೇ ಎಂದು ಹುಡುಕುವುದು ಬೇರೆ ಎಂಬ ವಿವೇಚನೆ ನಿಧಾನವಾಗಿ ಮೂಡಿತು. ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಅಮೆರಿಕದ ಮೊದಲ ಯೋಜನೆಯಾದ ಮರ್ಕ್ಯುರಿಗಾಗಿ ಐಬಿಎಂ ಸಂಸ್ಥೆಯಲ್ಲಿ ತಂತ್ರಾಂಶ ಸಿದ್ಧವಾಗುತ್ತಿದ್ದಾಗ, 1958ರಲ್ಲಿ, ಜೆರಾಲ್ಡ್ ವೈನ್‌ಬರ್ಗ್ ಅವರು ಪ್ರತ್ಯೇಕವಾದ ಪರೀಕ್ಷಾ ತಂಡವೊಂದನ್ನು ಕಟ್ಟಿದರು. ಈ ಬಗೆಯ ಮೊದಲ ತಂಡವೆಂದು ಸಾಮಾನ್ಯವಾಗಿ ಎಣಿಸಲಾಗುವ ಆ ತಂಡದಲ್ಲಿದ್ದವರು ಹೊಸಬರಾಗಿರದೆ ಪ್ರೋಗ್ರಾಮ್ ರಚನೆಯಲ್ಲಿ ನುರಿತವರಾಗಿದ್ದರು. ಗಗನಯಾತ್ರಿಯ ಪ್ರಾಣ ಪಣಕ್ಕಿದ್ದಾಗ ಎಳೆಯ ಕೈಗಳಿಗೆ ಆ ಹೊಣೆಯನ್ನು ಒಪ್ಪಿಸುವ ಯೋಚನೆ ಯಾರಿಗೂ ಬರಲಾರದು. ಅದೇ 1958ರಲ್ಲಿ, ಕೇಪ್ ಕೆನವೆರಲ್‌ನ ಉಡಾವಣಾ ನೆಲೆಗೆ ಸಮೀಪದ ಮೆಲ್ಬರ್ನ್ ಪಟ್ಟಣದ ಸೀಮೆಯಲ್ಲಿ, ಕ್ಷಿಪಣಿ ಮತ್ತು ರಾಕೆಟ್ ಕೆಲಸದಲ್ಲಿದ್ದವರಿಗೆ ಸಂಜೆಯ ತರಗತಿಗಳಲ್ಲಿ ಉನ್ನತ ವಿದ್ಯೆ ಕೊಡಲೆಂದು ಭೌತವಿಜ್ಞಾನಿ ಜೆರೋಮ್ ಕ್ಯೂಪರ್ ಅವರು ಬ್ರೆವಾರ್ಡ್ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಕೇವಲ 37 ಸೆಂಟುಗಳ ಕೊಡುಗೆಯಿಂದ ಶುರುವಾಯಿತೆಂದು ತನ್ನ ಸ್ಥಾಪನೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಆ ಕಾಲೇಜು 1966ರಲ್ಲಿ ಫ್ಲಾರಿಡಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ಹೆಸರು ಪಡೆಯಿತು. ದುಡಿಯುವವರಿಗೆ ದುಡಿಮೆಯ ಜೊತೆಯಲ್ಲೇ ಕಲಿಸುವ ಸಂಕಲ್ಪದಿಂದ ಹುಟ್ಟಿದ ಸಂಸ್ಥೆಯಲ್ಲೇ ಮುಂದೆ ಪರೀಕ್ಷಕರ ಶಿಕ್ಷಣ ನೆಲೆಗೊಂಡದ್ದು ಕಾಕತಾಳೀಯವಾದರೂ ಅರ್ಥಪೂರ್ಣವಾದುದು.

ಪರೀಕ್ಷೆಯು ಒಂದು ಸ್ವತಂತ್ರ ವಿದ್ಯೆ ಎಂಬ ಮಾತಿಗೆ ವಿದ್ವತ್ ವಲಯದಲ್ಲಿ ಜಾಗ ಸಿಕ್ಕಿದ್ದು 1970ರ ದಶಕದಲ್ಲಿ. 1972ರಲ್ಲಿ ಬಿಲ್ ಹೆಟ್‌ಜೆಲ್ ಅವರು ಉತ್ತರ ಕ್ಯಾರೊಲೈನಾದ ಚಾಪೆಲ್ ಹಿಲ್‌ನಲ್ಲಿ ಈ ವಿಷಯಕ್ಕೇ ಮೀಸಲಾದ ಸಮ್ಮೇಳನವನ್ನು ಸಂಘಟಿಸಿದರು. 1979ರಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಅವರ ‘ದಿ ಆರ್ಟ್ ಆಫ್ ಸಾಫ್ಟ್‌ವೇರ್ ಟೆಸ್ಟಿಂಗ್’ ಪ್ರಕಟವಾಯಿತು. ಮೈಯರ್ಸ್ ತಮ್ಮ ಪುಸ್ತಕದ ಮೊದಲಲ್ಲಿಯೇ ಓದುಗರಿಗೆ ಒಂದು ಸಣ್ಣ ಪರೀಕ್ಷೆ ಕೊಡುತ್ತಾರೆ. ಮೂರು ಪೂರ್ಣಾಂಕಗಳನ್ನು ತ್ರಿಭುಜದ ಮೂರು ಬಾಹುಗಳೆಂದು ಸ್ವೀಕರಿಸಿ, ಆ ತ್ರಿಭುಜ ಸಮಬಾಹುವೋ ಸಮದ್ವಿಬಾಹುವೋ ವಿಷಮಬಾಹುವೋ ಎಂದು ಹೇಳುವ ಪ್ರೋಗ್ರಾಮ್ ಒಂದಿದೆ. ಅದನ್ನು ಸರಿಯಾಗಿ ಪರೀಕ್ಷಿಸಲು ಯಾವ ಯಾವ ಸಂಖ್ಯೆಗಳನ್ನು ಕೊಟ್ಟು ನೋಡುವಿರಿ ಎಂಬುದು ಪ್ರಶ್ನೆ. ನೋಡಲು ಶಾಲಾ ಮಕ್ಕಳ ಲೆಕ್ಕದಂತಿರುವ ಈ ಪ್ರಶ್ನೆಗೆ 14 ಅಂಶಗಳ ಉತ್ತರಪಟ್ಟಿ ಇದೆ: 1, 2, 3 ಎಂದು ಕೊಟ್ಟರೆ ಎರಡು ಬಾಹುಗಳ ಮೊತ್ತ ಮೂರನೆಯದಕ್ಕೆ ಸಮವಾಗಿ ತ್ರಿಭುಜವೇ ಆಗುವುದಿಲ್ಲವೆಂಬುದನ್ನು ಪರಿಶೀಲಿಸಿದಿರಾ, ಸೊನ್ನೆ ಕೊಟ್ಟಿರಾ, ಋಣ ಸಂಖ್ಯೆ ಕೊಟ್ಟಿರಾ, ಮೂರರ ಬದಲು ಎರಡೇ ಸಂಖ್ಯೆ ಕೊಟ್ಟು ನೋಡಿದಿರಾ, ಪ್ರತಿಯೊಂದಕ್ಕೂ ಬರಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದ್ದಿರಾ, ಹೀಗೆ. ಚೆನ್ನಾಗಿ ನುರಿತ ಪ್ರೋಗ್ರಾಮರುಗಳಿಗೆ ಕೂಡ ಇದರಲ್ಲಿ ಸರಾಸರಿ 7.8 ಅಂಕಗಳಷ್ಟೇ ದೊರೆಯುತ್ತವೆಂದು ಮೈಯರ್ಸ್ ದಾಖಲಿಸಿದ್ದಾರೆ. ನುರಿತವರ ಗತಿಯೇ ಹೀಗಾದರೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೆ ಯಾವ ತರಬೇತಿಯೂ ಇಲ್ಲದೆ ಈ ಕೆಲಸ ಒಪ್ಪಿಸುವುದು ಎಷ್ಟರಮಟ್ಟಿಗೆ ಉಚಿತವೆಂಬ ಪ್ರಶ್ನೆ ಆಗಲೇ ಏಳಬೇಕಾಗಿತ್ತು.

ಆದರೆ ಮುಂದಿನ ದಶಕದಲ್ಲಿ ಆದದ್ದು ಬೇರೆಯೇ. ಮನೆಮನೆಗೆ, ಮೇಜುಮೇಜಿಗೆ ಪರ್ಸನಲ್ ಕಂಪ್ಯೂಟರ್ ಬಂದು, ಅಂಗಡಿಯಲ್ಲಿ ಡಬ್ಬಿಯೊಳಗಿಟ್ಟು ಮಾರುವ ತಂತ್ರಾಂಶದ ವ್ಯಾಪಾರ ಬೆಳೆದಂತೆ, ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಯ ಕಂಪನಿಗಳಿಗೆ ಬಹಳಷ್ಟು ಪರೀಕ್ಷಕರು ಬೇಕಾದರು; ಗಣಕ ವಿಜ್ಞಾನ ಓದದಿದ್ದವರೂ ಆ ಕೆಲಸಕ್ಕೆ ಬಂದರು. ಪ್ರಾಯೋಗಿಕ ಮನೋವಿಜ್ಞಾನದಲ್ಲಿ ಸಂಶೋಧನೆ ಮಾಡಿ, ಮನುಷ್ಯರು ಹೇಗೆ ಗ್ರಹಿಸುತ್ತಾರೆ ಮತ್ತು ಎಲ್ಲಿ ತಪ್ಪುತ್ತಾರೆಂಬುದರ ಅಧ್ಯಯನದಿಂದ ಈ ಉದ್ಯಮಕ್ಕೆ ಬಂದ ಸೆಮ್ ಕೇನರ್ ಅವರು ಇಂಥ ತಂಡಗಳನ್ನು ನಡೆಸುತ್ತಲೇ 1988ರಲ್ಲಿ ‘ಟೆಸ್ಟಿಂಗ್ ಕಂಪ್ಯೂಟರ್ ಸಾಫ್ಟ್‌ವೇರ್’ ಎಂಬ ಪುಸ್ತಕವನ್ನು ಹೊರತಂದರು. ಜ್ಯಾಕ್ ಫಾಕ್ ಮತ್ತು ಹಂಗ್ ಕ್ವಾಕ್ ನುಯೆನ್ ಅವರೊಡನೆ ಸಿದ್ಧಪಡಿಸಿದ ಅದರ ಎರಡನೆಯ ಆವೃತ್ತಿ 1993ರಲ್ಲಿ ಬಂದಿತು. ಸಮಯ ಸಾಲದ, ವಿವರಣಾಪತ್ರ ಸರಿಯಿಲ್ಲದ, ಬಿಡುಗಡೆಯ ದಿನ ತಲೆಯ ಮೇಲೆ ತೂಗುವ ನಿಜವಾದ ಕಚೇರಿಯಲ್ಲಿ ಹೊಸ ಪರೀಕ್ಷಕ ಏನು ಮಾಡಬೇಕೆಂಬುದನ್ನು ಹೇಳಿದ ಕಾರಣಕ್ಕೆ ಈ ಪುಸ್ತಕ ಪರೀಕ್ಷಕರ ಮೇಜಿನ ಮೇಲೆ ದೀರ್ಘಕಾಲ ಉಳಿಯಿತು. ಮುಂಚಿತವಾಗಿ ಬರೆದಿಟ್ಟ ಹೆಜ್ಜೆಗಳನ್ನು ಅನುಸರಿಸುವುದರ ಬದಲು, ತಂತ್ರಾಂಶವನ್ನು ಕಲಿಯುತ್ತಾ, ಕಲಿತದ್ದರಿಂದ ಮುಂದಿನ ಪರೀಕ್ಷೆಯನ್ನು ಹೊಸೆಯುತ್ತಾ ಹೋಗುವ ಕ್ರಮಕ್ಕೆ ‘ಎಕ್ಸ್‌ಪ್ಲೊರೇಟರಿ ಟೆಸ್ಟಿಂಗ್’, ಅಂದರೆ ಅನ್ವೇಷಣಾತ್ಮಕ ಪರೀಕ್ಷೆ, ಎಂಬ ಹೆಸರನ್ನು ಕೊಟ್ಟವರೂ ಕೇನರ್ ಅವರೇ.

ಬಿಬಿಎಸ್‌ಟಿಯ ಮೊದಲ ರೂಪ 1990ರ ದಶಕದಲ್ಲಿ ಕೇನರ್ ಮತ್ತು ನುಯೆನ್ ಅವರು ಕಂಪನಿಗಳ ಪರೀಕ್ಷಕರಿಗಾಗಿ ನಡೆಸಿದ ವಾಣಿಜ್ಯ ಶಿಬಿರಗಳಲ್ಲಿ ಸಿದ್ಧವಾಯಿತು. ಮುಂದೆ ಜೇಮ್ಸ್ ಬಾಕ್ ಅವರೂ ಅದರ ರಚನೆಯಲ್ಲಿ ಕೈಜೋಡಿಸಿದರು. ಹೆಸರಿನಲ್ಲಿರುವ ಕಪ್ಪುಪೆಟ್ಟಿಗೆ ಎಂಬ ರೂಪಕದ ಅರ್ಥ ಸರಳವಾದುದು: ಒಳಗಿನ ಪ್ರೋಗ್ರಾಮನ್ನು ಹೇಗೆ ಬರೆಯಲಾಗಿದೆ ಎಂಬುದನ್ನು ನೋಡದೆ, ಹೊರಗಿನಿಂದ ಕೊಟ್ಟದ್ದೇನು, ಬಂದದ್ದೇನು ಎಂಬುದನ್ನಷ್ಟೇ ಗಮನಿಸಿ, ಬಳಸುವವರ ಕಡೆಯಿಂದ ಪರೀಕ್ಷಿಸುವುದು. ಎರಡು ಮೂರು ದಿನ ಉಪನ್ಯಾಸ ಕೇಳಿ, ದಪ್ಪ ಕಡತವೊಂದನ್ನು ಹೊತ್ತುಕೊಂಡು ಮರಳುವ ಶಿಬಿರಾರ್ಥಿಗಳಲ್ಲಿ ಎಷ್ಟು ಮಂದಿ ಕಚೇರಿಯಲ್ಲಿ ಅದನ್ನು ಬಳಸುತ್ತಾರೆ ಎಂಬುದು ಇಂಥ ಎಲ್ಲ ಶಿಬಿರಗಳನ್ನೂ ಕಾಡುವ ಪ್ರಶ್ನೆ. 1997ರಲ್ಲಿ ಕೇನರ್ ಅವರು ಬ್ರಯಾನ್ ಲಾರೆನ್ಸ್ ಅವರೊಡನೆ ಲಾಸ್ ಆಲ್ಟೋಸ್ ಪಟ್ಟಣದಲ್ಲಿ ಆರಂಭಿಸಿದ ಕಿರು ಗೋಷ್ಠಿಗಳು ಈ ಹಂತದ ಮತ್ತೊಂದು ಮುಖ್ಯ ಬೆಳವಣಿಗೆ. ಅಲ್ಲಿ ಕೆಲವೇ ಮಂದಿ ಪರೀಕ್ಷಕರು ಸೇರಿ, ಒಬ್ಬರು ತಾವು ನಿಜವಾಗಿ ಮಾಡಿದ ಕೆಲಸದ ಅನುಭವವನ್ನು ಹೇಳಿದರೆ, ಉಳಿದವರು ಪ್ರಶ್ನೆ ಮುಗಿಯುವವರೆಗೂ ಬಿಡದೆ ಕೇಳುತ್ತಿದ್ದರು. ಹೇಳಿದ್ದನ್ನು ಒಪ್ಪಿಕೊಳ್ಳುವ ಮೊದಲು ಕೆದಕಿ ನೋಡುವ ಈ ಅಭ್ಯಾಸ ಮುಂದೆ ತರಗತಿಯೊಳಕ್ಕೂ ಬಂದಿತು.

2000ದಲ್ಲಿ ಕೇನರ್ ಅವರು ಫ್ಲಾರಿಡಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪ್ರಾಧ್ಯಾಪಕರಾದರು. ಆ ವೇಳೆಗೆ ಅವರು ಕಾನೂನು ಪದವಿಯನ್ನೂ ಪಡೆದಿದ್ದು, ದೋಷಪೂರ್ಣ ತಂತ್ರಾಂಶ ಕೊಂಡ ಗ್ರಾಹಕರ ಹಕ್ಕುಗಳ ಬಗ್ಗೆ ಡೇವಿಡ್ ಪೆಲ್ಸ್ ಅವರೊಡನೆ 1998ರಲ್ಲಿ ‘ಬ್ಯಾಡ್ ಸಾಫ್ಟ್‌ವೇರ್’ ಎಂಬ ಪುಸ್ತಕವನ್ನು ಬರೆದಿದ್ದರು. ಮನೋವಿಜ್ಞಾನ, ನ್ಯಾಯಶಾಸ್ತ್ರ, ಉದ್ಯಮದ ಅನುಭವ ಈ ಮೂರೂ ಕೂಡಿದ ಅವರ ಬೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಧನಸಹಾಯ ನೀಡಿತು. ಪರೀಕ್ಷಾ ಶಿಕ್ಷಣ ಮತ್ತು ಸಂಶೋಧನೆಗೆಂದೇ ಒಂದು ಕೇಂದ್ರ ಅಲ್ಲಿ ರೂಪುಗೊಂಡಿತು. ಪರೀಕ್ಷೆಯನ್ನು ಹೇಗೆ ಕಲಿಸಬೇಕೆಂಬುದನ್ನೇ ಚರ್ಚಿಸುವ ವಾರ್ಷಿಕ ಕಾರ್ಯಾಗಾರಗಳು ನಡೆದವು. ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ತಂತ್ರಾಂಶ ಎಂಜಿನಿಯರಿಂಗ್ ಪಠ್ಯದ ಕೊನೆಯ ಒಂದೆರಡು ಅಧ್ಯಾಯಗಳಲ್ಲಿ ಮುಗಿದುಹೋಗುವ ವಿಷಯಕ್ಕೆ ಇಷ್ಟು ಗಮನ ದೊರೆತದ್ದೇ ಒಂದು ಘಟನೆ ಎನ್ನಬೇಕು.

ಈ ಚರಿತ್ರೆಯ ನಡುಗಂಬ 2004ರಲ್ಲಿ ಅಲ್ಲಿ ಸಲ್ಲಿಕೆಯಾದ ಒಂದು ಸ್ನಾತಕೋತ್ತರ ಪ್ರಬಂಧ. ಅದರ ವಿಷಯ ಡೊಮೇನ್ ಟೆಸ್ಟಿಂಗ್, ಕನ್ನಡದಲ್ಲಿ ವ್ಯಾಪ್ತಿ ಪರೀಕ್ಷೆ ಎನ್ನಬಹುದು. ಒಂದು ಖಾನೆಯಲ್ಲಿ 1ರಿಂದ 99ರವರೆಗಿನ ಯಾವ ಸಂಖ್ಯೆಯನ್ನಾದರೂ ತುಂಬಬಹುದೆಂದಿದ್ದರೆ ಎಲ್ಲವನ್ನೂ ತುಂಬಿ ನೋಡುವ ಬದಲು, ಒಂದೇ ರೀತಿ ವರ್ತಿಸಬಹುದಾದ ಸಂಖ್ಯೆಗಳನ್ನು ಒಂದೊಂದು ಗುಂಪಾಗಿ ವಿಂಗಡಿಸಿ, ಗುಂಪಿನ ಅಂಚಿನಲ್ಲಿರುವ 1, 99 ಮತ್ತು ಅಂಚಿನಾಚೆಯ 0, 100 ಇವನ್ನು ಆರಿಸಿಕೊಳ್ಳುವುದು ಈ ಕ್ರಮದ ತಿರುಳು. ಹೊಲದ ಬದುವಿನಲ್ಲಿಯೇ ಕಳೆ ಹೆಚ್ಚು ಎಂಬಂತೆ, ಪ್ರೋಗ್ರಾಮರು ‘ಕಡಿಮೆ’ ಎಂದು ಬರೆಯಬೇಕಾದ ಕಡೆ ‘ಕಡಿಮೆ ಅಥವಾ ಸಮ’ ಎಂದು ಬರೆದುಬಿಡುವಂಥ ತಪ್ಪುಗಳು ಅಂಚಿನಲ್ಲೇ ಹೆಚ್ಚಾಗಿ ಅಡಗಿರುತ್ತವೆ. ಹೊಸಬರಿಗೆ ಮೊದಲು ಕಲಿಸುವ ತಂತ್ರಗಳಲ್ಲಿ ಇದೇ ಅಗ್ರಗಣ್ಯ. ಪ್ರಬಂಧಕ್ಕಾಗಿ, ಪರೀಕ್ಷೆಯ ಅನುಭವವಿಲ್ಲದ ವಿದ್ಯಾರ್ಥಿಗಳನ್ನು ಕಲೆಹಾಕಿ, ಹಲವು ದಿನಗಳ ಕ್ರಮಬದ್ಧ ತರಬೇತಿ ಕೊಡಲಾಯಿತು. ಪ್ರತಿ ಹೆಜ್ಜೆಗೂ ನಿಯಮ, ಪ್ರತಿ ನಿಯಮಕ್ಕೂ ಬಿಡಿಸಿ ತೋರಿಸಿದ ಉದಾಹರಣೆ, ಪ್ರತಿ ಉದಾಹರಣೆಯ ಬೆನ್ನಿಗೇ ಅಭ್ಯಾಸ, ಅಭ್ಯಾಸಕ್ಕೆ ತಿದ್ದುಪಡಿ ಎಂಬಂತೆ ಪಾಠವನ್ನು ಬಹಳ ಎಚ್ಚರದಿಂದ ಹೆಣೆಯಲಾಗಿತ್ತು. ತರಬೇತಿಯ ಮೊದಲು ಮತ್ತು ಕೊನೆಯಲ್ಲಿ ನಡೆಸಿದ ಲಿಖಿತ ಪರೀಕ್ಷೆಗಳನ್ನು ಹೋಲಿಸಿದಾಗ ಕಲಿತವರ ಅಂಕಗಳು ಗಮನಾರ್ಹವಾಗಿ ಏರಿದ್ದವು. ಬೇರೆಲ್ಲಾದರೂ ಆಗಿದ್ದರೆ ಇಷ್ಟಕ್ಕೆ ಪ್ರಮಾಣಪತ್ರ ಹಂಚಿ ಕಾರ್ಯಕ್ರಮ ಮುಗಿಸಬಹುದಾಗಿತ್ತು.

ಆದರೆ ಪ್ರಯೋಗ ಅಲ್ಲಿಗೆ ನಿಲ್ಲಲಿಲ್ಲ. ಅದೇ ವಿದ್ಯಾರ್ಥಿಗಳಿಗೆ ಅಭ್ಯಾಸದ ಮಾದರಿಗಿಂತ ಭಿನ್ನವಾದ ನಿಜವಾದ ಕೆಲಸವೊಂದನ್ನು ಕೊಡಲಾಯಿತು: ಪವರ್‌ಪಾಯಿಂಟ್ ತಂತ್ರಾಂಶದಲ್ಲಿ ಪುಟದ ಅಳತೆ, ದಿಕ್ಕು, ಮೊದಲ ಪುಟದ ಸಂಖ್ಯೆ ಮುಂತಾದವನ್ನು ನಿಗದಿಪಡಿಸುವ ಒಂದು ಪುಟ್ಟ ಕಿಟಕಿಯನ್ನು ವ್ಯಾಪ್ತಿ ಪರೀಕ್ಷೆಗೆ ಒಳಪಡಿಸಬೇಕಾಗಿತ್ತು. ಉತ್ತರಗಳನ್ನು ಅನುಭವಿ ಪರೀಕ್ಷಕರು ಪರಿಶೀಲಿಸಿದಾಗ ಎರಡು ಸಂಗತಿಗಳು ಎದ್ದು ಕಂಡವು. ಹೊಸ ಸಮಸ್ಯೆಯ ಎದುರು ಕಲಿಕೆ ಕುಂಟಿತ್ತು. ಅದಕ್ಕಿಂತಲೂ ಕಳವಳಕಾರಿಯಾಗಿ, ಎಲ್ಲರ ಉತ್ತರಗಳೂ ಒಂದನ್ನೊಂದು ಹೋಲುತ್ತಿದ್ದವು, ಎಲ್ಲರೂ ಹೆಚ್ಚು ಕಡಿಮೆ ಒಂದೇ ಕಡೆ ಎಡವಿದ್ದರು. ಪುಟದ ಅಗಲವನ್ನು ಕನಿಷ್ಠಕ್ಕಿಳಿಸಿದರೆ ಅದರ ಮೇಲಿನ ಅಕ್ಷರಗಳ ಪಾಡೇನು, ದಿಕ್ಕನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗ ಅಳತೆಗಳು ಅದಲುಬದಲಾಗುತ್ತವೆಯೇ, ಮುದ್ರಣ ಯಂತ್ರಕ್ಕೆ ಕಳಿಸಿದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳು ನಿಯಮದ ಪಟ್ಟಿಯಿಂದ ಹುಟ್ಟುವಂಥವಲ್ಲ. ಎದುರಿಗಿರುವ ವಸ್ತುವನ್ನು ಯಾರು ಯಾತಕ್ಕೆ ಬಳಸುತ್ತಾರೆಂದು ಯೋಚಿಸಿದಾಗ ಮಾತ್ರ ಹುಟ್ಟುತ್ತವೆ. ಕಲಿತದ್ದನ್ನು ಹೊಸ ಸನ್ನಿವೇಶಕ್ಕೆ ಒಯ್ಯುವ ಸಾಮರ್ಥ್ಯಕ್ಕೆ ಶಿಕ್ಷಣಶಾಸ್ತ್ರದಲ್ಲಿ ಕಲಿಕೆಯ ವರ್ಗಾವಣೆ ಎಂದು ಹೆಸರು. ಈ ತರಬೇತಿ ಅಭ್ಯಾಸವನ್ನು ಕೊಟ್ಟಿತ್ತು, ವರ್ಗಾವಣೆಯನ್ನು ಕೊಟ್ಟಿರಲಿಲ್ಲ. ಈ ಫಲಿತಾಂಶವನ್ನು ಕೇನರ್ ಮತ್ತು ಪ್ರಬಂಧಕಾರರು 2007ರಲ್ಲಿ ಸಂಶೋಧನಾ ಲೇಖನವಾಗಿಯೂ ಪ್ರಕಟಿಸಿದರು. ತಮ್ಮದೇ ಪಾಠದ ಸೋಲನ್ನು ಇಷ್ಟು ನೇರವಾಗಿ ಅಚ್ಚಿಗೆ ಹಾಕಿದ ಅಧ್ಯಾಪಕರು ತಮ್ಮ ವಿದ್ಯೆಯ ಧರ್ಮವನ್ನೇ ಪಾಲಿಸಿದರೆಂದು ಹೇಳಬೇಕು: ಪರೀಕ್ಷಕರು ತಮ್ಮ ಬೋಧನೆಯನ್ನೇ ಪರೀಕ್ಷಿಸಿ, ಅದರೊಳಗಿನ ದೋಷವನ್ನು ವರದಿ ಮಾಡಿದ್ದರು.

ನಿಯಮವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ ಇನ್ನಷ್ಟು ಅಭ್ಯಾಸ ಕೊಡುವುದು ಒಂದು ದಾರಿಯಾಗಿತ್ತು. ಆಯ್ದುಕೊಂಡದ್ದು ಅದರ ವಿರುದ್ಧ ದಾರಿ. ತರಗತಿಯಲ್ಲಿ ಉಪನ್ಯಾಸ, ಮನೆಯಲ್ಲಿ ಅಭ್ಯಾಸ ಎಂಬ ಹಳೆಯ ಏರ್ಪಾಟನ್ನು ತಲೆಕೆಳಗು ಮಾಡಿ, ಉಪನ್ಯಾಸಗಳನ್ನೆಲ್ಲ ವಿಡಿಯೊದಲ್ಲಿ ಮುದ್ರಿಸಿ ಮನೆಯಲ್ಲಿ ನೋಡಲು ಬಿಟ್ಟು, ಅಧ್ಯಾಪಕರೊಡನೆ ಕಳೆಯುವ ಅಮೂಲ್ಯ ಹೊತ್ತನ್ನು ಕೆಲಸ ಮಾಡುವುದಕ್ಕೂ ಮಾಡಿದ್ದನ್ನು ಚರ್ಚಿಸುವುದಕ್ಕೂ ಮೀಸಲಿಡಲಾಯಿತು. ಶಿಕ್ಷಣತಜ್ಞೆ ರೆಬೆಕಾ ಫೀಡ್ಲರ್ ಅವರ ಸಹಯೋಗದಲ್ಲಿ ಈ ವಿನ್ಯಾಸ ಅಂತರಜಾಲದ ತರಗತಿಗೂ ಹೊಂದಿಕೊಂಡಿತು. ಇದರ ಕಿರುಪರೀಕ್ಷೆಗಳು ಪುಸ್ತಕ ತೆರೆದಿಟ್ಟುಕೊಂಡೇ ಬರೆಯುವಂಥವಾದರೂ ಸುಲಭವಲ್ಲ. ಕಂಠಪಾಠವನ್ನು ಅಳೆಯುವ ಬದಲು, ಓದಿದ ಸಾಲನ್ನು ಎಷ್ಟು ನಿಕಟವಾಗಿ ಓದಿದ್ದಾರೆಂದು ವಿದ್ಯಾರ್ಥಿಗೇ ತೋರಿಸಿಕೊಡುವುದು ಅವುಗಳ ಉದ್ದೇಶ. ಕೊನೆಯ ಪರೀಕ್ಷೆಯ ಪ್ರಬಂಧ ಪ್ರಶ್ನೆಗಳನ್ನು ಆರಿಸುವ ಪ್ರಶ್ನಾವಳಿಯನ್ನು ಮೊದಲೇ ಕೈಗೆ ಕೊಟ್ಟು, ಗುಂಪಾಗಿ ಕುಳಿತು ಚರ್ಚಿಸಿ ಸಿದ್ಧರಾಗುವಂತೆ ಉತ್ತೇಜಿಸಲಾಗುತ್ತದೆ. ಒಬ್ಬರ ಉತ್ತರವನ್ನು ಇನ್ನೊಬ್ಬರು ಓದಿ ವಿಮರ್ಶಿಸಬೇಕು. ವಿಮರ್ಶೆ ಸ್ನೇಹದ ಹೊಗಳಿಕೆಯಾಗದೆ ಕಾರಣಸಹಿತವಾಗಿರಬೇಕು. ಸಹೋದ್ಯೋಗಿಯ ಕೆಲಸದಲ್ಲಿ ದೋಷವನ್ನು ಕಂಡು, ನೋಯಿಸದೆ, ಆದರೆ ಮೃದುವಾಗಿಸಿ ಮರೆಮಾಚದೆ ಹೇಳುವುದೇ ಪರೀಕ್ಷಕರ ನಿತ್ಯದ ಕರ್ತವ್ಯವಾದ್ದರಿಂದ, ಈ ಅಭ್ಯಾಸ ಪಾಠದ ಹೊರಗಿನದಲ್ಲ.

ಪಠ್ಯಕ್ರಮದ ಮೊದಲ ಭಾಗವಾದ ‘ಫೌಂಡೇಶನ್ಸ್’ ನಾಲ್ಕೈದು ಮೂಲ ಪ್ರಶ್ನೆಗಳ ಸುತ್ತ ಸುತ್ತುತ್ತದೆ. ಅವುಗಳಲ್ಲಿ ಪ್ರಮುಖವಾದುದು ಪರೀಕ್ಷೆಯ ಫಲಿತಾಂಶ ಸರಿಯೋ ತಪ್ಪೋ ಎಂದು ಯಾವುದರಿಂದ ತಿಳಿಯಬೇಕೆಂಬುದು. ತಿಳಿಸಿಕೊಡುವ ಸಾಧನವನ್ನು ಈ ಶಾಸ್ತ್ರದಲ್ಲಿ ಆರಕಲ್ ಎನ್ನುತ್ತಾರೆ. ಪ್ರಾಚೀನ ಗ್ರೀಕರ ದೈವವಾಣಿಯಿಂದ ಬಂದ ಈ ಪದಕ್ಕೆ ಕನ್ನಡದ ಒರೆಗಲ್ಲು ಅರ್ಥದಲ್ಲಿಯೂ ಉಚ್ಚಾರದಲ್ಲಿಯೂ ಹತ್ತಿರ ಬರುವುದು ಒಂದು ಸಂತೋಷದ ಸಂಗತಿ, ಮತ್ತು ಕನ್ನಡದ ಪದವೇ ಹೆಚ್ಚು ನಿಖರವೆಂದೂ ತೋರುತ್ತದೆ. ಏಕೆಂದರೆ ದೈವವಾಣಿ ಸಂಪೂರ್ಣ ಸತ್ಯವನ್ನು ಹೇಳುತ್ತದೆಂಬ ನಂಬಿಕೆಯಿದೆ, ಒರೆಗಲ್ಲಾದರೋ ಉಜ್ಜಿದ ಗೆರೆಯನ್ನಷ್ಟೇ ತೋರಿಸುತ್ತದೆ, ಗೆರೆಯನ್ನು ಓದುವ ಕಣ್ಣು ಅಕ್ಕಸಾಲಿಗನದೇ ಆಗಿರಬೇಕು. ತಂತ್ರಾಂಶದ ಹಿಂದಿನ ಆವೃತ್ತಿ, ಸ್ಪರ್ಧಿಯ ಉತ್ಪನ್ನ, ಜಾಹೀರಾತಿನಲ್ಲಿ ಕೊಟ್ಟ ಭರವಸೆ, ಕಾನೂನಿನ ನಿಯಮ, ಬಳಕೆದಾರರ ನಿರೀಕ್ಷೆ ಇವೆಲ್ಲವೂ ಒರೆಗಲ್ಲುಗಳೇ, ಮತ್ತು ಇವುಗಳಲ್ಲಿ ಯಾವುದೂ ಒಂಟಿಯಾಗಿ ನಂಬತಕ್ಕದ್ದಲ್ಲ. ಇದು ಹೊಸಬರಿಗೆ ಅತ್ಯಂತ ಕಷ್ಟವಾಗುವ ಪಾಠ. ಸರಿ ಉತ್ತರ ಪುಸ್ತಕದ ಕೊನೆಯಲ್ಲಿರುತ್ತದೆಂದು ಹದಿನೈದು ವರ್ಷ ನಂಬಿ ಓದಿ ಬಂದವರಿಗೆ, ಕೊನೆಯ ಪುಟವಿಲ್ಲದ ಪುಸ್ತಕವನ್ನು ಕೈಗಿಟ್ಟಂತಾಗುತ್ತದೆ.

ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯವೆಂಬ ಇನ್ನೊಂದು ಪಾಠಕ್ಕೆ ಡಗ್ ಹಾಫ್‌ಮನ್ ಅವರ ಅನುಭವವನ್ನು ಉದಾಹರಣೆಯಾಗಿ ಕೊಡಲಾಗುತ್ತದೆ. ಅಸಂಖ್ಯ ಸಂಸ್ಕಾರಕಗಳನ್ನು ಏಕಕಾಲದಲ್ಲಿ ದುಡಿಸಿಕೊಳ್ಳುವ ಮಾಸ್‌ಪಾರ್ ಎಂಬ ಬೃಹತ್ ಗಣಕಯಂತ್ರದಲ್ಲಿ ವರ್ಗಮೂಲ ಕಂಡುಹಿಡಿಯುವ ಕಾರ್ಯವನ್ನು ಅವರು ಪರೀಕ್ಷಿಸಬೇಕಾಗಿತ್ತು. 32 ಬಿಟ್‌ಗಳಲ್ಲಿ ಬರೆಯಬಹುದಾದ ಸಂಖ್ಯೆಗಳು 4,294,967,296. ಯಂತ್ರ ಅಷ್ಟು ಬಲಶಾಲಿಯಾಗಿದ್ದುದರಿಂದ ಅವಿಷ್ಟನ್ನೂ ಒಂದೂ ಬಿಡದೆ ಸುಮಾರು 6 ನಿಮಿಷಗಳಲ್ಲಿ ಪರೀಕ್ಷಿಸಲು ಸಾಧ್ಯವಾಯಿತು. ದೊರೆತ ತಪ್ಪುಗಳು ಎರಡು. ಆ ಎರಡೂ ಯಾವ ಅಂಚಿನಲ್ಲಿಯೂ ಇರಲಿಲ್ಲ. ಅಂಚುಗಳನ್ನಷ್ಟೇ ನೋಡಿ ಬಿಟ್ಟಿದ್ದರೆ ಅವು ಸಿಕ್ಕುತ್ತಿರಲಿಲ್ಲ. ಹಾಗಾದರೆ ಎಲ್ಲವನ್ನೂ ಪರೀಕ್ಷಿಸುವುದೇ ಸರಿ ಎಂದು ಹೊರಟರೆ, 64 ಬಿಟ್‌ಗಳ ಸಂಖ್ಯೆಗಳಿಗೆ ಅದೇ ಯಂತ್ರ ಅದೇ ವೇಗದಲ್ಲಿ ತೆಗೆದುಕೊಳ್ಳುವ ಕಾಲ ಸುಮಾರು 49,000 ವರ್ಷ. ಈ ಒಂದೇ ಉದಾಹರಣೆಯಲ್ಲಿ ನಿಯಮವೂ ಸೋಲುತ್ತದೆ, ನಿಯಮವಿಲ್ಲದ ಪರಿಶ್ರಮವೂ ಸೋಲುತ್ತದೆ. ಉಳಿಯುವುದು ಎಲ್ಲಿ ಹುಡುಕಬೇಕೆಂದು ಕಾರಣ ಕೊಟ್ಟು ಆರಿಸಿಕೊಳ್ಳುವ ವಿವೇಚನೆಯೊಂದೇ.

ಎರಡನೆಯ ಭಾಗ ‘ಬಗ್ ಅಡ್ವೊಕೆಸಿ’, ಅಂದರೆ ಕಂಡ ದೋಷದ ಪರವಾಗಿ ವಕಾಲತ್ತು ವಹಿಸುವುದು. ನ್ಯಾಯಶಾಸ್ತ್ರ ಬಲ್ಲವರ ಪಠ್ಯಕ್ಕೆ ಸಹಜವಾದ ಹೆಸರು. ದೋಷವನ್ನು ಕಂಡರಷ್ಟೇ ಸಾಲದು, ಅದು ತಿದ್ದಲು ಯೋಗ್ಯವೆಂದು ಸಮಯವಿಲ್ಲದ ಪ್ರೋಗ್ರಾಮರಿಗೂ ಹಣದ ಲೆಕ್ಕ ನೋಡುವ ವ್ಯವಸ್ಥಾಪಕರಿಗೂ ಮನಗಾಣಿಸಬೇಕು. ಇದಕ್ಕೆ ಮೊದಲು ದೋಷವನ್ನು ಬೇಕೆಂದಾಗ ಮತ್ತೆ ಬರಿಸಿ ತೋರಿಸಬೇಕು. ಅನಗತ್ಯ ಹೆಜ್ಜೆಗಳನ್ನು ಕಳೆದು ಕನಿಷ್ಠ ಹೆಜ್ಜೆಗಳಿಗೆ ಇಳಿಸಬೇಕು. ಸಣ್ಣದಾಗಿ ಕಂಡದ್ದರ ಹಿಂದೆ ಇನ್ನೂ ತೀವ್ರ ಪರಿಣಾಮ ಇದೆಯೇ ಎಂದು ಬೆನ್ನಟ್ಟಬೇಕು. ತನ್ನ ಯಂತ್ರದಲ್ಲಿ ಮಾತ್ರವೋ ಎಲ್ಲರ ಯಂತ್ರದಲ್ಲಿಯೂ ಹೀಗೆಯೋ ಎಂದು ನೋಡಬೇಕು. ಇದರಿಂದ ತೊಂದರೆಗೊಳಗಾಗುವ ನಿಜವಾದ ಮನುಷ್ಯರು ಯಾರೆಂದು ಯೋಚಿಸಬೇಕು. ಕೊನೆಗೆ ಇದನ್ನೆಲ್ಲ ಸ್ಪಷ್ಟವಾಗಿ, ಯಾರನ್ನೂ ದೂರದೆ, ಬರೆಯಬೇಕು. ಈ ಪಾಠಕ್ಕೆ ಕಲ್ಪಿತ ಅಭ್ಯಾಸಗಳ ಬದಲು ಓಪನ್ ಆಫೀಸ್ ಎಂಬ ಮುಕ್ತ ತಂತ್ರಾಂಶದ ನಿಜವಾದ ದೋಷಪಟ್ಟಿಯನ್ನೇ ಬಳಸಲಾಯಿತು. ಬಳಕೆದಾರರು ಎಲ್ಲೆಲ್ಲಿಂದಲೋ ಕಳಿಸಿ ಇನ್ನೂ ಯಾರೂ ಖಚಿತಪಡಿಸದೆ ಬಿದ್ದಿದ್ದ ಬಗ್ ರಿಪೋರ್ಟುಗಳನ್ನು ವಿದ್ಯಾರ್ಥಿಗಳು ಎತ್ತಿಕೊಂಡು, ಹೇಳಿದಂತೆ ಮಾಡಿ ನೋಡಿ, ಬಿಟ್ಟುಹೋದ ವಿವರಗಳನ್ನು ಸೇರಿಸಿ ಬರೆಯುತ್ತಿದ್ದರು. ಯಾವುದೋ ಊರಿನ ಒಬ್ಬ ಬಳಕೆದಾರನ ತೊದಲು ದೂರನ್ನು ಪ್ರೋಗ್ರಾಮರು ಕೈಗೆತ್ತಿಕೊಳ್ಳುವಂಥ ವರದಿಯಾಗಿಸಿದ ಹೊಸಬನಿಗೆ ಅದು ಮನೆಪಾಠ ಅನ್ನಿಸುವುದಿಲ್ಲ. ತನ್ನ ಬರವಣಿಗೆ ಒಂದು ನಿಜವಾದ ತಂತ್ರಾಂಶದ ಮೇಲೆ ಪರಿಣಾಮ ಬೀರಿತೆಂಬ ಅರಿವು ಅವನಲ್ಲಿ ಮೂಡುತ್ತದೆ. ಬಿಬಿಎಸ್‌ಟಿಯ ಎಲ್ಲ ಭಾಗಗಳಲ್ಲಿ ಶ್ರೇಷ್ಠವಾದುದು ಇದೇ ಎಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಪರೀಕ್ಷಾ ತಂತ್ರಗಳನ್ನು ಪರಿಚಯಿಸುವ ಮೂರನೆಯ ಭಾಗ ‘ಟೆಸ್ಟ್ ಡಿಸೈನ್’ ವಿಸ್ತಾರವಾದುದೇ ಆದರೂ, ಹೊಸಬನ ಮನಸ್ಸನ್ನು ತಿರುಗಿಸುವ ಶಕ್ತಿ ಎರಡನೆಯದರಲ್ಲಿ ಹೆಚ್ಚು.

ವಿಶ್ವವಿದ್ಯಾಲಯದ ಗೋಡೆಯಾಚೆಗೆ ಪಠ್ಯವನ್ನು ಒಯ್ದದ್ದು 2004ರಲ್ಲಿ ಸ್ಥಾಪಿತವಾದ ‘ಅಸೋಸಿಯೇಷನ್ ಫಾರ್ ಸಾಫ್ಟ್‌ವೇರ್ ಟೆಸ್ಟಿಂಗ್’ ಎಂಬ ಲಾಭರಹಿತ ಸಂಘ. 2006ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ತನ್ನ ಮೊದಲ ಸಮ್ಮೇಳನ ನಡೆಸಿದ ಈ ಸಂಘ, ಕೆಲವೇ ವರ್ಷಗಳಲ್ಲಿ ಬಿಬಿಎಸ್‌ಟಿಯನ್ನು ಅಂತರಜಾಲದ ಮೂಲಕ ತನ್ನ ಸದಸ್ಯರಿಗೆ ಕಲಿಸತೊಡಗಿತು. ಒಂದೊಂದು ಭಾಗಕ್ಕೂ ಸುಮಾರು ನಾಲ್ಕು ವಾರ. ಬೇರೆ ಬೇರೆ ಖಂಡಗಳ ವಿದ್ಯಾರ್ಥಿಗಳು ಒಬ್ಬರು ಮಲಗುವ ಹೊತ್ತಿಗೆ ಇನ್ನೊಬ್ಬರು ಎದ್ದು ಚರ್ಚೆಯನ್ನು ಮುಂದುವರಿಸುತ್ತಿದ್ದರು. ಕಲಿಸುವವರು ಹಿಂದೆ ಅದೇ ಪಾಠವನ್ನು ಕಲಿತು, ಬೋಧನೆಯ ತರಬೇತಿ ಪಡೆದು, ಸ್ವಯಂಸೇವೆಯಾಗಿ ಬಂದವರು. ಇದೇ ಕಾಲದಲ್ಲಿ ಪರೀಕ್ಷಕರ ಶಿಕ್ಷಣದಲ್ಲಿ ಇನ್ನೊಂದು, ಇದಕ್ಕಿಂತ ಬಹಳ ದೊಡ್ಡದಾದ ಪ್ರವಾಹವೂ ಹರಿಯುತ್ತಿತ್ತು. ಬ್ರಿಟನ್ನಿನಲ್ಲಿ 1998ರಲ್ಲಿ ಶುರುವಾದ ಪ್ರಮಾಣಪತ್ರ ಪರೀಕ್ಷೆಯ ಪರಂಪರೆಯನ್ನು ಮುಂದುವರಿಸಿ 2002ರಲ್ಲಿ ಎಡಿನ್‌ಬರೊದಲ್ಲಿ ಸ್ಥಾಪನೆಯಾದ ಐಎಸ್‌ಟಿಕ್ಯೂಬಿ, ಅಂದರೆ ಅಂತರರಾಷ್ಟ್ರೀಯ ತಂತ್ರಾಂಶ ಪರೀಕ್ಷಾ ಅರ್ಹತಾ ಮಂಡಳಿ, 40 ಬಹು ಆಯ್ಕೆಯ ಪ್ರಶ್ನೆಗಳ, ಒಂದು ಗಂಟೆಯ ಪ್ರಾಥಮಿಕ ಪರೀಕ್ಷೆಯನ್ನು ಜಗತ್ತಿನಾದ್ಯಂತ ಹರಡಿತು. ಒಂದೇ ವಸ್ತುವನ್ನು ಊರಿಗೊಂದು ಹೆಸರಿನಿಂದ ಕರೆಯುತ್ತಿದ್ದ ಉದ್ಯಮಕ್ಕೆ ಸಮಾನ ಪರಿಭಾಷೆಯನ್ನು ಒದಗಿಸಿದ್ದು ಅದರ ನಿಜವಾದ ಕೊಡುಗೆ. ಆದರೆ ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಪರಿಭಾಷೆಯನ್ನು ಅಳೆಯಬಲ್ಲದು, ಪವರ್‌ಪಾಯಿಂಟಿನ ಆ ಪುಟ್ಟ ಕಿಟಕಿಯ ಮುಂದೆ ಕುಳಿತ ಹೊಸಬನ ಗತಿಯನ್ನು ಅಳೆಯಲಾರದು. ಫ್ಲಾರಿಡಾದ ಪ್ರಯೋಗದ ನಂತರ ಈ ವ್ಯತ್ಯಾಸವನ್ನು ಕಡೆಗಣಿಸಲು ಬರುವುದಿಲ್ಲ.

ಕರ್ನಾಟಕದೊಡನೆ ಈ ಕಥೆಯ ನಂಟು ಪಠ್ಯದ ಮೂಲಕಕ್ಕಿಂತ ಅದರ ಹಿಂದಿನ ನಂಬಿಕೆಯ ಮೂಲಕ ಬೆಳೆದದ್ದು. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಾಲ್ವರು ಯುವ ಪರೀಕ್ಷಕರು ‘ವೀಕೆಂಡ್ ಟೆಸ್ಟಿಂಗ್’ ಎಂಬ ಸ್ವಯಂಸೇವಾ ಕೂಟವನ್ನು ಆರಂಭಿಸಿದರು. ವಾರವಿಡೀ ಕಚೇರಿಯಲ್ಲಿ ಬೇರೆಯವರು ಬರೆದಿಟ್ಟ ಟೆಸ್ಟ್ ಕೇಸುಗಳನ್ನು, ಅಂದರೆ ಹೆಜ್ಜೆಹೆಜ್ಜೆಯಾಗಿ ಬರೆದ ಪರೀಕ್ಷಾ ಸೂಚನೆಗಳನ್ನು, ನಡೆಸುವುದರಲ್ಲೇ ಕಳೆಯುವ ಹೊಸಬರಿಗೆ ತಮ್ಮ ಸ್ವಂತ ಬುದ್ಧಿಯಿಂದ ಪರೀಕ್ಷಿಸುವ ಅವಕಾಶ ಕೊಡುವುದು ಇದರ ಉದ್ದೇಶ. ಶನಿವಾರವೋ ಭಾನುವಾರವೋ, ಸುಮಾರು ಎರಡು ಗಂಟೆಗಳ ಕಾಲ, ಅಂತರಜಾಲದ ಸಂಭಾಷಣೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಆವರೆಗೆ ನೋಡದಿದ್ದ ಯಾವುದಾದರೂ ಉಚಿತ ತಂತ್ರಾಂಶವನ್ನು ಒಂದು ನಿರ್ದಿಷ್ಟ ಗುರಿಯೊಡನೆ ಕೊಡಲಾಗುತ್ತಿತ್ತು. ಮೊದಲ ಅರ್ಧದಲ್ಲಿ ಪರೀಕ್ಷೆ, ಉಳಿದರ್ಧದಲ್ಲಿ ಪ್ರತಿಯೊಬ್ಬರೂ ತಾವು ಎಲ್ಲಿ ಹುಡುಕಿದೆವು, ಏಕೆ ಅಲ್ಲಿಯೇ ಹುಡುಕಿದೆವು, ಕೊಟ್ಟ ಗುರಿಯನ್ನು ಸರಿಯಾಗಿ ಅರ್ಥಮಾಡಿಕೊಂಡೆವೇ ಎಂದು ಎಲ್ಲರೆದುರು ಹೇಳಬೇಕಾಗಿತ್ತು. ಪ್ರವೇಶ ಶುಲ್ಕವಿಲ್ಲ, ಪ್ರಮಾಣಪತ್ರವಿಲ್ಲ, ಅನುಭವದ ಷರತ್ತಿಲ್ಲ. ಹತ್ತು ವರ್ಷ ಕೆಲಸ ಮಾಡಿದವರೂ ನಿನ್ನೆ ಸೇರಿದವರೂ ಅಲ್ಲಿ ಒಂದೇ ತಂತ್ರಾಂಶದ ಮುಂದೆ ಸಮಾನವಾಗಿ ಅಪರಿಚಿತರಾಗಿರುತ್ತಿದ್ದುದೇ ಈ ಕೂಟದ ಚೆಲುವು. ಹೊರಗಿನಿಂದ ತರಬೇತಿಯನ್ನು ಪಡೆಯುವ ಊರೆಂದೇ ಎಣಿಸಲಾಗಿದ್ದ ಬೆಂಗಳೂರಿನಿಂದ ಈ ಕ್ರಮ ಮುಂದಿನ ಒಂದೇ ವರ್ಷದಲ್ಲಿ ಯೂರೋಪಿಗೂ ಅಮೆರಿಕಕ್ಕೂ ಹೋಗಿ, ಅಲ್ಲಿನ ಪರೀಕ್ಷಕರು ತಮ್ಮದೇ ಶಾಖೆಗಳನ್ನು ಕಟ್ಟಿಕೊಂಡರು. ಈ ಸಂಗತಿ ಕನ್ನಡ ನಾಡಿನ ತಂತ್ರಜ್ಞಾನದ ಚರಿತ್ರೆಗಳಲ್ಲಿ ದಾಖಲಾಗಬೇಕಾದಷ್ಟು ದಾಖಲಾಗಿಲ್ಲ.

ಫ್ಲಾರಿಡಾದಲ್ಲಿ ಆರಂಭವಾದ ಕೆಲಸ ಆಮೇಲೆಯೂ ರೂಪ ಬದಲಿಸುತ್ತಾ ಸಾಗಿತು. ಗಣಕ ವಿಜ್ಞಾನ ಮತ್ತು ಸಮಾಜದ ಸಂಬಂಧವನ್ನು ಕುರಿತ ಸೇವೆಗಾಗಿ ಕೇನರ್ ಅವರಿಗೆ 2009ರಲ್ಲಿ ಎಸಿಎಂ ಎಂಬ ಅಂತರರಾಷ್ಟ್ರೀಯ ಗಣಕ ಸಂಘದ ವಿಭಾಗವೊಂದು ಪ್ರಶಸ್ತಿ ನೀಡಿ ಗೌರವಿಸಿತು. ಉಪನ್ಯಾಸಗಳ ವಿಡಿಯೊಗಳನ್ನೂ ಟಿಪ್ಪಣಿಗಳನ್ನೂ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದರಿಂದ, ಶುಲ್ಕ ಕೊಡಲಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವನ್ನು ಬಳಸಿಕೊಂಡರು. ಮುಂದೆ ರೊಮೇನಿಯದ ಕ್ಲುಜ್ ನಗರದ ಆಲ್ಟಮ್ ಎಂಬ ಸಂಸ್ಥೆ ಬಿಬಿಎಸ್‌ಟಿಯ ಹೊಣೆಯನ್ನು ವಹಿಸಿಕೊಂಡಿತು. 2013ರಲ್ಲಿ ಪ್ರಕಟವಾದ ‘ದಿ ಡೊಮೇನ್ ಟೆಸ್ಟಿಂಗ್ ವರ್ಕ್‌ಬುಕ್’ ಎಂಬ ಅಭ್ಯಾಸಪುಸ್ತಕದ ಲೇಖಕರು ಮೂವರು: ಕೇನರ್, ವರ್ಗಮೂಲವನ್ನು ಪರೀಕ್ಷಿಸಿದ ಹಾಫ್‌ಮನ್, ಮತ್ತು 2004ರಲ್ಲಿ ತಮ್ಮ ತರಬೇತಿ ಹೊಸಬರಿಗೆ ಸಾಲದೆ ಹೋಯಿತೆಂದು ಪ್ರಬಂಧದಲ್ಲಿ ಬರೆದಿದ್ದ ಅದೇ ವಿದ್ಯಾರ್ಥಿನಿ.